ನಿದ್ದೆಗೆಟ್ಟ ಡ್ರೈವರು

ನಾನು ಇಪ್ಪತ್ತೆರಡು ವರ್ಷ ಶಾಲೆ ಬಸ್ಸು ಓಡಿಸಿದವನು. ಮನೆ ಗೌರಿಬಿದನೂರಿನಲ್ಲಿ. ಬೆಳಿಗ್ಗೆ ಆರೂವರೆಗೆ ಬಸ್ಸು ತೆಗೆದರೆ ಮಂಚೇನಹಳ್ಳಿ ಮೇಲೆ ಹಾದು, ದಾರಿಯ ಹಳ್ಳಿಗಳ ಮಕ್ಕಳನ್ನು ಹತ್ತಿಸಿಕೊಂಡು, ಎಂಟೂಕಾಲಕ್ಕೆ ಮುದ್ದೇನಹಳ್ಳಿ ಕಡೆಯ ಶಾಲೆಯ ಗೇಟು ಮುಟ್ಟಬೇಕು. ಸಂಜೆ ಮತ್ತೆ ಅದೇ ದಾರಿ. ಅಷ್ಟು ವರ್ಷದಲ್ಲಿ ಬಸ್ಸಿಗೆ ಒಂದು ಗೀರೂ ಬಿದ್ದಿಲ್ಲ ಎಂದರೆ ಸುಳ್ಳಾಗುತ್ತದೆ. ಕನ್ನಡಿ ಎರಡು ಸಲ ಒಡೆದಿದೆ, ಒಮ್ಮೆ ಎಮ್ಮೆಯೊಂದು ಪಕ್ಕಕ್ಕೆ ಬಂದು ಗುದ್ದಿದೆ. ಆದರೆ ಒಂದು ಮಗುವಿಗೂ ತರಚಿದ ಗಾಯ ಆಗಿರಲಿಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಮುಂದೆ ನಡೆದದ್ದನ್ನು ಕೇಳುವವರಿಗೆ ಇದು ಗೊತ್ತಿರಲಿ ಎಂದು ಹೇಳಿದೆ, ಅಷ್ಟೆ.

ನಿದ್ದೆ ಕೆಟ್ಟದ್ದು ಏನೂ ವಿಶೇಷವಿಲ್ಲದ ಒಂದು ವಾರದಲ್ಲಿ. ಮನೆಯಲ್ಲಿ ಯಾರೂ ತೀರಿಕೊಂಡಿರಲಿಲ್ಲ, ಯಾರ ಜೊತೆಯೂ ಜಗಳವಾಗಿರಲಿಲ್ಲ. ಮಗಳ ಮದುವೆಯಾಗಿ ಎರಡು ವರ್ಷವಾಗಿತ್ತು, ಅವಳು ಸುಖವಾಗಿದ್ದಳು. ಹೆಂಡತಿ ಅಂಗನವಾಡಿಯಲ್ಲಿ ಟೀಚರು, ಅವಳ ಕೆಲಸ ಅವಳಿಗೆ. ಒಂದು ಸೋಮವಾರ ಮಲಗಿದೆ, ನಿದ್ದೆ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಸೆಕೆ ಎಂದುಕೊಂಡೆ. ಸೆಕೆ ಹೋಗಿ ಮಳೆ ಬಂತು, ಮಳೆ ಹೋಗಿ ಚಳಿ ಬಂತು. ನಾನು ಮಾತ್ರ ಹಿಂದೂಪುರದ ಕಡೆಗೆ ಹೋಗುವ ರೈಲುಗಳ ಸದ್ದು ಕೇಳುತ್ತಾ ಮಲಗೇ ಇದ್ದೆ. ಬೆಳಗಿನ ಜಾವ ಮೂರೂವರೆಯ ಹೊತ್ತಿಗೆ ಒಂದಿಷ್ಟು ಕಣ್ಣು ಮುಚ್ಚುತ್ತಿತ್ತು, ಐದಕ್ಕೆ ಏಳಬೇಕು. ಹಾಗೆ ಮೂರು ವರ್ಷ ಕಳೆಯಿತು.

ನಿದ್ದೆ ಬರುವುದಿಲ್ಲ ಎಂದು ಯಾರಿಗಾದರೂ ಹೇಳಿದರೆ ಅವರು ಮೊದಲು ಕೇಳುವುದು ಏನು ಚಿಂತೆ ಎಂದು. ಏನೂ ಇಲ್ಲ ಎಂದರೆ ನಂಬುವುದಿಲ್ಲ. ಏನೋ ಮುಚ್ಚಿಡುತ್ತಿದ್ದಾನೆ ಎಂಬಂತೆ ನೋಡುತ್ತಾರೆ. ನನ್ನ ಭಾವಮೈದುನ ಒಂದು ದಿನ ನನ್ನನ್ನು ಟೀ ಅಂಗಡಿಗೆ ಕರೆದುಕೊಂಡು ಹೋಗಿ, ಬೇರೆ ಯಾವುದಾದರೂ ಹೆಂಗಸಿನ ಸಹವಾಸವಿದೆಯೇ ಎಂದು ಮೆಲ್ಲಗೆ ವಿಚಾರಿಸಿದ. ಅವನ ಮೇಲೆ ಸಿಟ್ಟು ಬರಲಿಲ್ಲ. ನನಗೇ ಒಂದು ಕಾರಣ ಬೇಕಾಗಿತ್ತು. ಮಲಗಿದಲ್ಲೇ ನನ್ನ ಬದುಕನ್ನೆಲ್ಲ ಜಾಲಾಡಿದರೂ ನಿದ್ದೆ ಕೆಡುವಂಥ ಒಂದು ತಪ್ಪೂ ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು ಎನ್ನಿಸುತ್ತಿತ್ತು.

ಮದ್ದು ಮಾಡದೆ ಬಿಡಲಿಲ್ಲ. ಹಾಲಿಗೆ ಜಾಜಿಕಾಯಿ ತೇದು ಕುಡಿದೆ. ಗಸಗಸೆ ಪಾಯಸವನ್ನು ಹಬ್ಬವಿಲ್ಲದಿದ್ದರೂ ವಾರಕ್ಕೆ ಮೂರು ಸಲ ಮಾಡಿಸಿಕೊಂಡೆ. ಅದರಿಂದ ಹೆಂಡತಿ ಒಳ್ಳೆಯ ನಿದ್ದೆ ಮಾಡಿದಳು. ಅಂಗಾಲಿಗೆ ಹರಳೆಣ್ಣೆ ತಿಕ್ಕಿಕೊಂಡು, ಹಾಸಿಗೆಯ ಬಟ್ಟೆಗೆಲ್ಲ ಕಲೆ ಮಾಡಿದೆ. ಸಂಜೆ ಊರ ಹೊರಗಿನವರೆಗೂ ಬಿರುಸಾಗಿ ನಡೆದು ಬಂದೆ, ಕಾಲು ನೋವಿನಿಂದ ಇನ್ನೂ ಎಚ್ಚರವಾಯಿತು. ಒಂದು ಭಾನುವಾರ ಹೆಂಡತಿ ನನ್ನನ್ನು ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗಿ ನಾಗರಕಲ್ಲುಗಳಿಗೆ ಹಾಲೆರೆಸಿದಳು. ಅಷ್ಟೊಂದು ಕಲ್ಲುಗಳಲ್ಲಿ ಯಾವುದಕ್ಕೆ ಹರಕೆ ಹೇಳಿಕೊಳ್ಳುವುದೆಂದು ತಿಳಿಯದೆ ನಾನು ಸುಮ್ಮನೆ ನಿಂತಿದ್ದೆ. ಅವಳು ಮಾತ್ರ ಕಣ್ಣು ಮುಚ್ಚಿ ಬಹಳ ಹೊತ್ತು ಏನೋ ಬೇಡಿಕೊಂಡಳು. ಏನು ಬೇಡಿಕೊಂಡೆ ಎಂದು ದಾರಿಯಲ್ಲಿ ಕೇಳಿದೆ. ಹೇಳಲಿಲ್ಲ.

ಕೊನೆಗೆ ನಮ್ಮೂರಿನ ಒಬ್ಬ ಡಾಕ್ಟರ ಹತ್ತಿರ ಹೋದೆ. ಅವರು ರಕ್ತ ಪರೀಕ್ಷೆ ಮಾಡಿಸಿ, ಬಿ.ಪಿ. ನೋಡಿ, ಎಲ್ಲ ಸರಿಯಾಗಿದೆ ಎಂದು ಹದಿನೈದು ದಿನಕ್ಕೆ ಮಾತ್ರೆ ಬರೆದುಕೊಟ್ಟರು. ಏನು ಕೆಲಸ ಎಂದು ಕೇಳಿದರು. ವ್ಯವಸಾಯ ಎಂದೆ. ಡ್ರೈವರ್ ಎಂದರೆ ಮಾತ್ರೆ ಕೊಡುವುದಿಲ್ಲ ಎಂದು ಗೊತ್ತಿತ್ತು. ಆ ಸುಳ್ಳನ್ನು ಹೇಳಿದವನು ನಾನೇ, ಅದರಲ್ಲಿ ಡಾಕ್ಟರದೇನೂ ತಪ್ಪಿಲ್ಲ. ಮಾತ್ರೆ ನುಂಗಿದ ಮೊದಲ ದಿನ ಬಾವಿಗೆ ಬಿದ್ದ ಹಾಗೆ ನಿದ್ದೆ ಬಂತು. ಎದ್ದ ಮೇಲೆ ಅತ್ತೆ. ಹದಿನೈದು ದಿನದ್ದು ತಿಂಗಳಾಯಿತು, ತಿಂಗಳು ಆರು ತಿಂಗಳಾಯಿತು. ಬರಬರುತ್ತಾ ಒಂದು ಮಾತ್ರೆಗೆ ಎರಡು ಗಂಟೆಯಷ್ಟೂ ನಿದ್ದೆ ಬಾರದಂತಾಯಿತು. ಮಾತ್ರೆಯ ಮಂಪರು ಮಾತ್ರ ಬೆಳಿಗ್ಗೆ ಒಂಬತ್ತರವರೆಗೂ ತಲೆಯಲ್ಲಿ ಕೂತಿರುತ್ತಿತ್ತು. ಬಿಡೋಣ ಎಂದರೆ ಅದೂ ಇಲ್ಲದೆ ಹೇಗೆ ಮಲಗುವುದು ಎಂದು ಹೆದರಿಕೆ.

ಇಷ್ಟೆಲ್ಲ ಇಟ್ಟುಕೊಂಡು ನಾನು ದಿನಾ ಮಕ್ಕಳನ್ನು ಕೂರಿಸಿಕೊಂಡು ಬಸ್ಸು ಓಡಿಸುತ್ತಿದ್ದೆ. ಗಾಡಿ ಹತ್ತಿದರೆ ನನಗೆ ಎಚ್ಚರ ತಾನಾಗಿ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಸೀಟಿನ ಪಕ್ಕ ಒಂದು ಬಾಟಲಿ ತಣ್ಣೀರು ಇಟ್ಟುಕೊಂಡು ಮುಖಕ್ಕೆ ಎರಚಿಕೊಳ್ಳುತ್ತಿದ್ದೆ. ಹಸಿಮೆಣಸಿನಕಾಯಿ ಕಚ್ಚಿದ್ದೂ ಉಂಟು.

ಅದು ಒಂದು ಗುರುವಾರ. ಮಂಚೇನಹಳ್ಳಿ ದಾಟಿ ಮೂರು ನಾಲ್ಕು ಕಿಲೋಮೀಟರ್ ಬಂದಿದ್ದೆವು. ಬಸ್ಸಿನಲ್ಲಿ ಹತ್ತೊಂಬತ್ತು ಮಕ್ಕಳಿದ್ದರು. ಬಾಗಿಲ ಹತ್ತಿರದ ಸೀಟಿನಲ್ಲಿ ನಮ್ಮ ಬಸ್ಸಿನ ಆಯಾ ಕೂತಿದ್ದಳು. ಆಕೆಗೆ ಐವತ್ತರ ಮೇಲೆ ವಯಸ್ಸು, ಮಕ್ಕಳನ್ನು ಹತ್ತಿಸಿ ಇಳಿಸುವುದು ಆಕೆಯ ಕೆಲಸ. ಆಕೆಯ ಮೊಮ್ಮಗಳೂ ಅದೇ ಬಸ್ಸಿನಲ್ಲಿ ಮೂರನೇ ಸಾಲಿನಲ್ಲಿ ಕೂತು ಬರುತ್ತಿದ್ದಳು. ರಸ್ತೆ ನೆಟ್ಟಗಿತ್ತು, ಎದುರಿಗೆ ಗಾಡಿಗಳಿರಲಿಲ್ಲ. ಬಿಸಿಲು ಇನ್ನೂ ಎಳೆಯದಾಗಿತ್ತು. ಅಷ್ಟು ನೆನಪಿದೆ. ಆಮೇಲೆ ನೆನಪಿರುವುದು ಚಕ್ರದ ಕೆಳಗೆ ಜಲ್ಲಿಯ ಸದ್ದು, "ಅಣ್ಣಾ" ಎಂಬ ಆಕೆಯ ದನಿ, ಮುಂದೆ ಹತ್ತು ಅಡಿ ದೂರದಲ್ಲಿ ಸೇತುವೆಯ ಮೋಟುಗೋಡೆ. ಸ್ಟೇರಿಂಗ್ ಬಲಕ್ಕೆ ಎಳೆದೆ. ಬಸ್ಸು ಒಮ್ಮೆ ವಾಲಿ ರಸ್ತೆಗೆ ಬಂತು. ಹಿಂದೆ ಮಕ್ಕಳು ಹೋ ಎಂದು ಕೂಗಿ ನಕ್ಕರು. ಅವರಿಗೆ ಅದು ಆಟವಾಗಿ ಕಂಡಿತ್ತು. ಶಾಲೆ ಬರುವವರೆಗೂ ನಾನು ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿಯಾಗಿ ಹಿಡಿದೇ ಓಡಿಸಿದೆ.

ಮಕ್ಕಳೆಲ್ಲ ಇಳಿದರು. ಆಯಾ ಇಳಿಯಲಿಲ್ಲ. ನನ್ನ ಸೀಟಿನ ಹಿಂದೆ ಬಂದು ಕಂಬಿ ಹಿಡಿದು ನಿಂತಳು.

"ಅಣ್ಣ, ನೀವು ನಿದ್ದೆ ಮಾಡಿದ್ರಿ."

"ಇಲ್ಲಮ್ಮ, ಗುಂಡಿ ತಪ್ಪಿಸ್ದೆ."

"ನಾನು ನಿಮ್ಮ ಮುಖಾನೇ ನೋಡ್ತಿದ್ದೆ," ಎಂದಳು. ಆಮೇಲೆ ಬಹಳ ಮೆತ್ತಗೆ ಹೇಳಿದಳು. "ಸಂಜೆ ಗಾಡಿ ಹೊರಡೋದ್ರೊಳಗೆ ಆಫೀಸಿಗೆ ಹೋಗಿ ನೀವೇ ಹೇಳ್ಬಿಡಿ. ನೀವು ಹೇಳ್ದೆ ಇದ್ರೆ ನಾನು ಹೇಳ್ಬೇಕಾಗುತ್ತೆ. ನನ್ ಕೈಲಿ ಆ ಕೆಲ್ಸ ಮಾಡಿಸ್ಬೇಡಿ."

ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ನಾನು ಬಸ್ಸಿನಲ್ಲೇ ಕೂತಿದ್ದೆ. ಡಬ್ಬಿಯ ಊಟ ಬಿಚ್ಚಲಿಲ್ಲ. ಆಕೆ ಹೇಳಿದರೂ ನಾನು ಇಲ್ಲವೆಂದರೆ ನನ್ನ ಮಾತನ್ನೇ ನಂಬುತ್ತಾರೆ ಎಂಬ ಯೋಚನೆಯೂ ಬಂತು. ಇಪ್ಪತ್ತೆರಡು ವರ್ಷದವನು ನಾನು, ಆಕೆ ಸೇರಿ ನಾಲ್ಕು ವರ್ಷ. ಆ ಯೋಚನೆ ಬಂದದ್ದನ್ನು ಇಲ್ಲಿ ಹೇಳಲು ಈಗಲೂ ನಾಚಿಕೆಯಾಗುತ್ತದೆ. ಎದ್ದು ಹೋದದ್ದು ಧೈರ್ಯದಿಂದಲ್ಲ. ಸಂಜೆ ಮತ್ತೆ ಆ ಸೇತುವೆ ದಾಟಬೇಕಲ್ಲ ಎಂಬ ಭಯದಿಂದ.

ಬಸ್ಸುಗಳ ಉಸ್ತುವಾರಿ ನೋಡುವವರು ನಿವೃತ್ತ ಸೈನಿಕರು, ಹೆಚ್ಚು ಮಾತಿನವರಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಮೂರು ವರ್ಷ ಎಂದೆ.

"ಮೂರು ವರ್ಷದಿಂದ ಹಿಂಗೇ ಮಕ್ಕಳನ್ನ ಕರ್ಕೊಂಡು ಬರ್ತಿದ್ದೀರಿ," ಎಂದರು. ಬೈಯಲಿಲ್ಲ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಕೈ ಚಾಚಿ ಬಸ್ಸಿನ ಕೀಲಿ ತೆಗೆದುಕೊಂಡು ಡ್ರಾಯರಿನಲ್ಲಿಟ್ಟರು. ಕೆಲಸದಿಂದ ತೆಗೆಯುವುದಿಲ್ಲ, ಸ್ಟೋರಿನಲ್ಲಿ ಟಯರು, ಬಿಡಿಭಾಗ ನೋಡಿಕೊಳ್ಳಿ, ಮೊದಲು ಒಂದು ತಿಂಗಳು ರಜೆ ಹಾಕಿ ತೋರಿಸಿಕೊಳ್ಳಿ ಎಂದರು.

ಅಂದು ಸಂಜೆ ನಮ್ಮ ಬಸ್ಸನ್ನು ಬೇರೊಬ್ಬ ಓಡಿಸಿದ. ನಾನು ಕೊನೆಯ ಸಾಲಿನಲ್ಲಿ ಕೂತೆ. ಇದೇನು ಇಲ್ಲಿ ಕೂತಿದ್ದೀರಿ ಎಂದು ಮಕ್ಕಳು ಕೇಳಿದರು. ಮೈ ಸರಿಯಿಲ್ಲ ಎಂದೆ. ಆಯಾ ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಳಲಿಲ್ಲ, ಗಾಬರಿಯಾಗಲಿಲ್ಲ. "ದಿನಾ ನೀವು ಗಾಡಿ ನಿಲ್ಸಿ ಫೋನ್ ಮಾಡೋ ತನಕ ನಾನು ಅಂಗನವಾಡಿ ಬೀಗ ತೆಗೀತಿರಲಿಲ್ಲ. ಹೊರಗೇ ನಿಂತ್ಕೊಂಡಿರ್ತಿದ್ದೆ," ಎಂದಳು. ಮೂರು ವರ್ಷ ಅವಳು ಹಾಗೆ ನಿಂತಿದ್ದಾಳೆ, ನನಗೆ ಗೊತ್ತೇ ಇರಲಿಲ್ಲ.

ಎಲ್ಲ ಹೇಳಿಕೊಂಡಾಗಿದೆ, ಭಾರ ಇಳಿದಿದೆ, ಇನ್ನು ನಿದ್ದೆ ಬರಬಹುದು ಎಂದುಕೊಂಡೇ ಮಲಗಿದೆ. ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಇಷ್ಟು ದಿನ ಬೆಳಿಗ್ಗೆ ಏಳುವ ಕೆಲಸವಾದರೂ ಇತ್ತು, ಈಗ ಅದೂ ಇಲ್ಲ. ಹಗಲೆಲ್ಲ ಮೂಲೆಯಲ್ಲಿ ಕೂತು ಅರೆಬರೆ ತೂಕಡಿಸುತ್ತಿದ್ದೆ. ಯಾರಾದರೂ ಮಾತಾಡಿಸಿದರೆ ತಡವಾಗಿ ಕೇಳಿಸುತ್ತಿತ್ತು. ಮಗಳು ಫೋನು ಮಾಡಿದಾಗ ಅವಳ ಗಂಡನ ಹೆಸರು ನೆನಪಾಗದೆ ಒದ್ದಾಡಿದೆ. ಅವಳು ಅಮ್ಮನಿಗೆ ಫೋನು ಕೊಡಿ ಎಂದಳು.

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ನನ್ನ ಅಕ್ಕ ಇದ್ದಾಳೆ. ರೇಷ್ಮೆ ಹುಳು ಸಾಕುತ್ತಾಳೆ. ನಾವು ಮೂಲತಃ ಚಿಂತಾಮಣಿ ಕಡೆಯವರು, ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ವಿಷಯ ತಿಳಿದು ಅಕ್ಕ ತಾನೇ ಬಂದು ನನ್ನನ್ನು ಕರೆದುಕೊಂಡು ಹೋದಳು. "ಏಮಿರಾ, ನಿದ್ರ ಪಟ್ಟಲೇದಾ? ಬಾ, ನಮ್ಮ ಮನೇಲಿ ಬರುತ್ತೆ," ಎಂದಳು, ನಿದ್ದೆ ಅವಳ ಮನೆಯಲ್ಲಿ ನನ್ನನ್ನು ಕಾಯುತ್ತಾ ಕೂತಿರುವ ಹಾಗೆ.

ಹುಳುಗಳು ಕೊನೆಯ ಹಂತಕ್ಕೆ ಬಂದಿದ್ದವು. ನಾಲ್ಕನೇ ಜ್ವರ ಕಳೆದು ಎದ್ದ ಹುಳು ಹೊಟ್ಟೆಬಾಕ ಆಗುತ್ತದೆ; ಅದು ಚರ್ಮ ಬಿಡುವುದಕ್ಕೆ ಅಲ್ಲಾಡದೆ ಮಲಗುವುದನ್ನೇ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ಒಂದು ವಾರ ಹಗಲೂ ರಾತ್ರಿ ಸೊಪ್ಪು ಹಾಕಬೇಕು. ಅಕ್ಕ, ಭಾವ ಇಬ್ಬರೂ ಸುಸ್ತಾಗಿ ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ನೀವು ಮಲಗಿ, ರಾತ್ರಿಯ ಸೊಪ್ಪು ನಾನು ಹಾಕುತ್ತೇನೆ ಎಂದೆ. ಎಂಟು ದಿನ ನಾನೇ ಹಾಕಿದೆ. ಹುಳುಗಳು ಸೊಪ್ಪು ತಿನ್ನುವ ಸದ್ದಿನಲ್ಲಿ ತಟ್ಟೆಯಿಂದ ತಟ್ಟೆಗೆ ಹೋಗುತ್ತಾ, ನನ್ನ ಎಚ್ಚರದಿಂದ ಒಬ್ಬರಿಗಾದರೂ ಉಪಯೋಗವಾಯಿತಲ್ಲ ಎಂದು ಸಮಾಧಾನವಾಗಿತ್ತು. ಹುಳು ಹಣ್ಣಾಗಿ ಗೂಡು ಕಟ್ಟಲು ಬಿಟ್ಟ ಮೇಲೆ ಆ ಕೆಲಸವೂ ಮುಗಿಯಿತು. ನಿದ್ದೆ ಬಂದಿರಲಿಲ್ಲ. ಬಸ್ ನಿಲ್ದಾಣದವರೆಗೂ ಬಂದ ಅಕ್ಕ ನನ್ನ ತಲೆ ಸವರಿ, ಕಿಟಕಿಯಿಂದ ಒಂದು ಚೀಲ ಅವರೆಕಾಯಿ ಕೊಟ್ಟಳು.

ಚಿಕ್ಕಬಳ್ಳಾಪುರದ ಡಾಕ್ಟರಮ್ಮನ ವಿಷಯ ತಂದವಳು ಹೆಂಡತಿ. ಅವಳ ಪರಿಚಯದ ನರ್ಸೊಬ್ಬರು ಹೇಳಿದ್ದರಂತೆ. ಅವರು ಕೂರುತ್ತಿದ್ದುದು ಆಸ್ಪತ್ರೆಯ ಮಾನಸಿಕ ಕಾಯಿಲೆಗಳ ವಿಭಾಗದಲ್ಲಿ. ಬಾಗಿಲ ಮೇಲಿನ ಬೋರ್ಡು ನೋಡಿ ನಾನು ಮೆಟ್ಟಿಲಲ್ಲೇ ನಿಂತೆ. ಒಳಗೆ ಹೋಗುವುದು ಬೇಡ, ಯಾರಾದರೂ ಮಕ್ಕಳ ತಂದೆ ತಾಯಿ ನೋಡಿದರೆ ಎಂದೆ. ಹೆಂಡತಿ ನನ್ನ ಮೊಣಕೈ ಹಿಡಿದು, "ನೋಡ್ಲಿ ಬಿಡಿ. ಇನ್ನೇನು ಉಳಿದಿದೆ ನೋಡೋಕೆ?" ಎಂದಳು.

ಡಾಕ್ಟರಮ್ಮ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಅವರು ಮೊದಲು ಕೇಳಿದ್ದು ಗಾಡಿ ಓಡಿಸುತ್ತೀರಾ ಎಂದು. ಈ ಸಲ ನಿಜ ಹೇಳಿದೆ. ಏನು ಚಿಂತೆ ಎಂದು ಅವರು ಕೇಳಲಿಲ್ಲ. ಎಷ್ಟು ಗಂಟೆಗೆ ಮಲಗುತ್ತೀರಿ, ಎಷ್ಟಕ್ಕೆ ಏಳುತ್ತೀರಿ, ಹಗಲು ತೂಕಡಿಸುತ್ತೀರಾ, ಟೀ ಎಷ್ಟು, ಇದನ್ನೇ ಮುಕ್ಕಾಲು ಗಂಟೆ ಕೇಳಿದರು. ಎರಡು ವಾರ ಬರೆದಿಟ್ಟುಕೊಂಡು ಬನ್ನಿ ಎಂದರು. ಬರೆದುಕೊಂಡು ಹೋದೆ. ಒಂಬತ್ತಕ್ಕೆ ಹಾಸಿಗೆಗೆ ಹೋಗುತ್ತೇನೆ, ಆರಕ್ಕೆ ಏಳುತ್ತೇನೆ. ಅದರಲ್ಲಿ ನಿದ್ದೆ ನಾಲ್ಕು ಗಂಟೆಯೂ ಇಲ್ಲ, ಉಳಿದದ್ದೆಲ್ಲ ಒದ್ದಾಟ.

"ನಿಮ್ಮ ಮೈಗೆ ಹಾಸಿಗೆ ಅಂದ್ರೆ ಒದ್ದಾಡೋ ಜಾಗ ಅಂತ ಅಭ್ಯಾಸ ಆಗ್ಬಿಟ್ಟಿದೆ," ಎಂದರು. "ಇನ್ಮೇಲೆ ಹನ್ನೆರಡೂವರೆಗೆ ಮುಂಚೆ ಮಲಗ್ಬೇಡಿ. ಐದೂವರೆಗೆ ಎದ್ದುಬಿಡಿ, ನಿದ್ದೆ ಬಂದಿರ್ಲಿ, ಬಿಡ್ಲಿ."

ನಿದ್ದೆ ಕೇಳಿಕೊಂಡು ಬಂದವನಿಗೆ ಮಲಗಬೇಡ ಎನ್ನುತ್ತಾರಲ್ಲ ಎಂದು ನನಗೆ ಅಳು ಬರುವ ಹಾಗಾಯಿತು. ಅವರು ಇನ್ನೂ ಹೇಳಿದರು. ಮಲಗಿ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು, ಕಣ್ಣು ಎಳೆದಾಗ ಮಾತ್ರ ವಾಪಸು ಬರಬೇಕು. ಗಡಿಯಾರ ನೋಡಬಾರದು. ಹಗಲು ತೂಕಡಿಸಬಾರದು. ಮಧ್ಯಾಹ್ನದ ಮೇಲೆ ಟೀ ಬೇಡ. ಮಾತ್ರೆಯನ್ನು ಒಮ್ಮೆಲೇ ಬಿಡಬಾರದು, ತಾವು ಹೇಳಿದ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬೇಕು. ಗಾಡಿ ಮಾತ್ರ ಮುಟ್ಟಲೇಬಾರದು. ಮೊದಲ ದಿನಗಳು ಕಷ್ಟವಾಗುತ್ತವೆ ಎಂದೂ ಹೇಳಿದರು.

ಕಷ್ಟ ಎಂಬ ಮಾತು ಸಾಲದು. ಊಟವಾದ ಮೇಲೆ ಹನ್ನೆರಡೂವರೆಯವರೆಗೆ ಏನು ಮಾಡುವುದು? ಹೆಂಡತಿ ಬಿತ್ತನೆಗೆಂದು ತಂದಿದ್ದ ಕಡಲೆಕಾಯಿಯ ಮೂಟೆ ಮುಂದಿಟ್ಟಳು. ಇಬ್ಬರೂ ಕೂತು ಸುಲಿಯುತ್ತಿದ್ದೆವು. ಹತ್ತೂವರೆ ಹೊತ್ತಿಗೆ ಅವಳು ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದಳು, ನಾನು ಅವಳ ಬಾಯಿ ತೆರೆದ ಮುಖ ನೋಡುತ್ತಾ ಸುಲಿಯುತ್ತಿದ್ದೆ. ಅಷ್ಟು ಸಲೀಸಾಗಿ ನಿದ್ದೆ ಮಾಡುವ ಅವಳ ಮೇಲೆ ಒಮ್ಮೊಮ್ಮೆ ಹೊಟ್ಟೆಕಿಚ್ಚು ಬರುತ್ತಿತ್ತು. ಮೊದಲ ವಾರ ಗೋಡೆಯ ಮೇಲೆ ರಸ್ತೆ ಓಡಿದ ಹಾಗೆ ಕಾಣುತ್ತಿತ್ತು. ಒಂದು ಮಧ್ಯಾಹ್ನ ತೂಕಡಿಕೆ ತಡೆಯಲಾರದೆ ಬಚ್ಚಲುಮನೆಗೆ ಹೋಗಿ, ತಲೆ ಮೇಲೆ ನೀರು ಸುರಿದುಕೊಂಡು, ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಐವತ್ತೆರಡು ವರ್ಷದ ಗಂಡಸು ನಿದ್ದೆಗಾಗಿ ಅಳುವುದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಮೂರನೇ ವಾರದ ಒಂದು ದಿನ ಹನ್ನೆರಡೂವರೆಗೆ ಮಲಗಿದವನಿಗೆ ಅಲಾರಂ ಹೊಡೆದದ್ದು ಕೇಳಿಸಿತು. ಅಲಾರಂ ಕೆಟ್ಟಿದೆ, ಹೊತ್ತಲ್ಲದ ಹೊತ್ತಿನಲ್ಲಿ ಹೊಡೆಯುತ್ತಿದೆ ಎಂದುಕೊಂಡೆ. ಕಿಟಕಿಯಲ್ಲಿ ಬೆಳಕಿತ್ತು. ಹೆಂಡತಿ ಹಾಸಿಗೆಯ ಮೇಲೆ ಕಾಲು ಮಡಚಿ ಕೂತಿದ್ದಳು, ಕಣ್ಣು ಕೆಂಪಾಗಿತ್ತು.

"ಗೊರಕೆ ಹೊಡೀತಿದ್ರಿ," ಎಂದಳು. "ನಾನು ಎದ್ದು ಕೂತ್ಕೊಂಡು ಕೇಳ್ತಾ ಇದ್ದೆ. ನಿಂತುಹೋದ್ರೆ ಅಂತ ಭಯ ಆಯ್ತು."

ನಾನು ಹೊರಗೆ ಹೋಗಿ ಬಾಗಿಲಿಗೆ ನೀರು ಹಾಕಿದೆ. ಎದುರು ಮನೆಯವರು ಏನೋ ಕೇಳಿದರು, ಸರಿಯಾಗಿ ಕೇಳಿಸಿತು, ಸರಿಯಾಗಿ ಉತ್ತರ ಕೊಟ್ಟೆ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ಕೇಳುವವರಿಗೆ ಸಂತೋಷವಾಗುತ್ತಿತ್ತು. ಹಾಗಾಗಲಿಲ್ಲ. ಎರಡು ತಿಂಗಳು ನಾಲ್ಕೂವರೆ ಗಂಟೆ, ಐದು ಗಂಟೆ ನಿದ್ದೆ ಬಂತು, ಸ್ಟೋರಿನ ಕೆಲಸಕ್ಕೂ ಹೋಗತೊಡಗಿದೆ. ಡಾಕ್ಟರಮ್ಮ ಮಲಗುವ ಹೊತ್ತನ್ನು ಕಾಲು ಗಂಟೆಯಷ್ಟು ಹಿಂದಕ್ಕೆ ತಂದರು, ಮಾತ್ರೆ ಅರ್ಧವಾಗಿ, ಕಾಲಾಗಿ, ನಿಂತಿತು. ಆಮೇಲೆ ಒಂದು ದಿನ, ಮತ್ತೆ ಯಾವ ಕಾರಣವೂ ಇಲ್ಲದೆ, ನಿದ್ದೆ ಹೊರಟುಹೋಯಿತು. ಹನ್ನೊಂದು ದಿನ ಬರಲಿಲ್ಲ. ಮಾಡಬೇಕಾದ್ದನ್ನೆಲ್ಲ ಮಾಡಿಯೂ ಹೀಗಾದಾಗ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಗೊತ್ತಾಯಿತು. ಡಾಕ್ಟರಮ್ಮನಿಗೆ ಫೋನು ಮಾಡಿದರೆ, ಅದೇ ನಿಯಮ ಬಿಡದೆ ಮಾಡಿ, ತಿರುಗಿ ಬರುತ್ತದೆ ಎಂದರು. ಅವರ ದನಿಯಲ್ಲಿ ನಂಬಿಕೆ ಇತ್ತು, ನನ್ನಲ್ಲಿ ಇರಲಿಲ್ಲ. ಬೇರೆ ದಾರಿ ಇಲ್ಲದೆ ಮಾಡಿದೆ. ಹನ್ನೆರಡನೆಯ ದಿನ ಮೂರು ಗಂಟೆ ಬಂತು.

ಈ ವರ್ಷ ಶಾಲೆ ಶುರುವಾಗುವ ಮೊದಲು ಉಸ್ತುವಾರಿಯವರು ಕರೆಸಿದರು. ಒಬ್ಬ ಡ್ರೈವರು ಬಿಟ್ಟು ಹೋಗಿದ್ದ. ಹೇಗಿದ್ದೀರಿ ಈಗ ಎಂದು ಕೇಳಿದರು. ಪರವಾಗಿಲ್ಲ ಎಂದೆ. ಡಾಕ್ಟರ ಚೀಟಿ ತಂದರೆ ಹಳೆಯ ದಾರಿಯನ್ನೇ ಕೊಡುತ್ತೇನೆ ಎಂದರು. ನನ್ನ ಕೈ ಬಹಳ ದಿನದ ಮೇಲೆ ಸ್ಟೇರಿಂಗಿಗಾಗಿ ಚಡಪಡಿಸಿತು, ಸುಳ್ಳೇಕೆ ಹೇಳಲಿ. ಒಂದು ದಿನ ಯೋಚನೆ ಮಾಡಿ ಬೇಡ ಎಂದೆ. ಇವತ್ತು ನಿದ್ದೆ ಬಂದರೂ ನಾಳೆಯದು ಹೇಳಲಾರೆ, ನನ್ನ ನಿದ್ದೆಗೆ ನಾನೇ ಜಾಮೀನು ನಿಲ್ಲಲಾರೆ ಎಂದೆ. ಅವರು ಎದ್ದು ನನ್ನ ಭುಜ ಮುಟ್ಟಿ ಮತ್ತೆ ಕೂತರು.

ಕಳೆದ ತಿಂಗಳು ಚಿಂತಾಮಣಿ ಕಡೆಯ ಲಾರಿ ಡ್ರೈವರೊಬ್ಬ ಯಾರಿಂದಲೋ ಕೇಳಿ ಸ್ಟೋರಿಗೆ ಹುಡುಕಿಕೊಂಡು ಬಂದಿದ್ದ. ಅವನ ಕಣ್ಣು ನೋಡಿದ ಕೂಡಲೇ ಗೊತ್ತಾಯಿತು. ಏನು ಮದ್ದು ಮಾಡಿದ್ರಿ ಅಣ್ಣ, ನಂಗೂ ಹೇಳಿ ಎಂದ. ಕೂರಿಸಿ ಎಲ್ಲ ಹೇಳಿದೆ. ಕೊನೆಗೆ ಲಾರಿ ನಿಲ್ಲಿಸು, ಇವತ್ತೇ ಮಾಲೀಕರಿಗೆ ಹೇಳು ಎಂದೆ. ಅದನ್ನು ಬಿಟ್ಟು ಬೇರೆ ಏನಾದರೂ ಇದ್ದರೆ ಹೇಳಿ ಎಂದ. ಡಾಕ್ಟರಮ್ಮನ ಆಸ್ಪತ್ರೆ ಎಲ್ಲಿದೆ ಎಂದು ಬರೆದುಕೊಟ್ಟೆ. ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದ. ಆಸ್ಪತ್ರೆಗೆ ಹೋದನೋ ಇಲ್ಲವೋ ಗೊತ್ತಿಲ್ಲ. ಅವನ ನಂಬರು ಕೇಳಿ ಇಟ್ಟುಕೊಳ್ಳಬೇಕಾಗಿತ್ತು, ಆಗ ಹೊಳೆಯಲಿಲ್ಲ.